ಚೈನ್‌ಸಾ ಹಲ್ಲಿಗೆ ಕೈ ಅರವೋ, ಗ್ರೈಂಡರೋ? ತೋಟದ ಬಳಕೆಯ ಕಣ್ಣಿನಿಂದ ಒಂದು ವಿಮರ್ಶೆ

ಕಾಫಿ ತೋಟದಲ್ಲಿ ಮರಗಸಿಯ, ಎಂದರೆ ನೆರಳಿನ ಮರಗಳ ಕೊಂಬೆ ಸವರುವ, ಕಾಲ ಬಂದಾಗ, ಅಥವಾ ಮಳೆಗಾಲದಲ್ಲಿ ದಾರಿಗೆ ಅಡ್ಡವಾಗಿ ಮರ ಉರುಳಿದಾಗ, ಚೈನ್‌ಸಾ ಎಷ್ಟು ಬೇಗ ಕೊಯ್ಯುತ್ತದೆ ಎಂಬುದನ್ನು ಎಂಜಿನ್ನಿಗಿಂತ ಹೆಚ್ಚಾಗಿ ಚೈನಿನ ಹಲ್ಲೇ ತೀರ್ಮಾನಿಸುತ್ತದೆ. ಹರಿತವಾದ ಚೈನು ತಾನಾಗಿಯೇ ಮರದೊಳಕ್ಕೆ ಇಳಿಯುತ್ತ ದಪ್ಪ ಚಕ್ಕೆಗಳನ್ನು ಎಸೆಯುತ್ತದೆ. ಮೊಂಡಾದದ್ದು ರಾಗಿ ಹಿಟ್ಟಿನಂಥ ಪುಡಿಯನ್ನು ಉದುರಿಸುತ್ತ, ಚೈನು ಸುತ್ತುವ ಉದ್ದನೆಯ ಲೋಹದ ಪಟ್ಟಿಯಾದ ಬಾರನ್ನು ಕಾಯಿಸುತ್ತ, ಕೆಲಸಗಾರನ ತೋಳಿನ ಬಲವನ್ನೆಲ್ಲ ಬೇಡುತ್ತದೆ. ಅದನ್ನು ಮತ್ತೆ ಹರಿತ ಮಾಡಲು ನಮಗೆ ಸಿಗುವ ಮೂರು ದಾರಿಗಳನ್ನು, ಎಂದರೆ ಬರೀ ದುಂಡು ಅರ, ಸ್ಟಿಹ್ಲ್ ಕಂಪನಿಯ ಟು-ಇನ್-ಒನ್ ಅರದ ಹಿಡಿ ಮತ್ತು ಪೇಟೆಯ ವರ್ಕ್‌ಶಾಪಿನ ಗ್ರೈಂಡರ್ ಸೇವೆಯನ್ನು, ಇಲ್ಲಿ ತೂಗಿ ನೋಡಿದ್ದೇನೆ. ಒಂದೆರಡು ಯಂತ್ರ ಇಟ್ಟುಕೊಂಡಿರುವ ಬೆಳೆಗಾರನಿಗೆ ದಿನದ ಕೆಲಸಕ್ಕೆ ಕೈ ಅರವೇ ಸರಿ ಎಂಬುದು ನನ್ನ ಅಭಿಪ್ರಾಯ. ಗ್ರೈಂಡರ್ ಚೈನಿನ ಚಿಕಿತ್ಸೆಗೆ ಬೇಕಾದದ್ದೇ ಹೊರತು ನಿತ್ಯದ ಆರೈಕೆಗಲ್ಲ.

ಇಂದಿನ ಚೈನಿನ ಹಲ್ಲು ದುಂಡು ಅರಕ್ಕೆ ಒಗ್ಗುವಂತೆಯೇ ರೂಪುಗೊಂಡಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳು ತನ್ನ ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದನ್ನು ಗಮನಿಸಿ, ಎಡ ಬಲ ಹಲ್ಲುಗಳು ಒಂದರ ನಂತರ ಒಂದು ಬರುವ ಬಾಗಿದ ಹಲ್ಲಿನ ಚೈನನ್ನು ರೂಪಿಸಿ 1947ರಲ್ಲಿ ಮಾರುಕಟ್ಟೆಗೆ ತಂದರು. ಆ ಬಾಗಿನೊಳಗೆ ದುಂಡು ಅರ ಸಲೀಸಾಗಿ ಕೂರುತ್ತದೆ. ಅದಕ್ಕೂ ಹಿಂದಿನ, ಕೈ ಗರಗಸದಂತೆ ಗೀಚುವ ಹಲ್ಲುಗಳ ಚೈನಿಗೆ ಅರ ಹಾಕುವುದು ಬಹಳ ತಾಳ್ಮೆ ಬೇಡುವ ಕೆಲಸವಾಗಿತ್ತು.

ಮೊದಲು ಬರೀ ಅರದ ಮಾತು. ಇದು ಎಲ್ಲಕ್ಕಿಂತ ಅಗ್ಗ, ಜೇಬಿನಲ್ಲಿ ಹಿಡಿಯುತ್ತದೆ, ಕರೆಂಟು ಬೇಡ. ಆದರೆ ಅಳತೆ ತಪ್ಪಿದರೆ ಇಡೀ ಶ್ರಮ ವ್ಯರ್ಥ. ಸಣ್ಣ ಯಂತ್ರಗಳಲ್ಲಿ ಬರುವ 3/8 ಇಂಚು ಲೋ-ಪ್ರೊಫೈಲ್ ಚೈನಿಗೆ 4 ಮಿ.ಮೀ. ಅರ, .325 ಇಂಚು ಪಿಚ್ಚಿಗೆ (ಪಿಚ್ಚೆಂದರೆ ಚೈನಿನ ಕೊಂಡಿಗಳ ನಡುವಿನ ಅಂತರದ ಅಳತೆ) 4.8 ಮಿ.ಮೀ. ಅರ ಬೇಕು, ದೊಡ್ಡ 3/8 ಚೈನಿಗೆ ಸ್ಟಿಹ್ಲ್ 5.2 ಮಿ.ಮೀ. ಹೇಳಿದರೆ ಒರೆಗಾನ್ ಎಂಬ ಚೈನು ಕಂಪನಿ 5.5 ಮಿ.ಮೀ. ಹೇಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ‘ಚೈನ್‌ಸಾ ಅರ ಕೊಡಿ’ ಎಂದಷ್ಟೇ ಕೇಳದೆ ಚೈನಿನ ಪಿಚ್ಚನ್ನೂ ತಯಾರಕರನ್ನೂ ಹೇಳಿ ಕೇಳಬೇಕು. ಅರದ ಸುಮಾರು ಐದನೇ ಒಂದು ಭಾಗ ಹಲ್ಲಿನ ನೆತ್ತಿಯಿಂದ ಮೇಲೆ ಕಾಣುವಂತೆ ಹಿಡಿದು, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಸವೆಯುವುದು ಅರವೇ. ಅಡ್ಡ ಕೊಯ್ಯುವ ಚೈನುಗಳಲ್ಲಿ ಬಹುಪಾಲಿಗೆ ಅರ ಹಿಡಿಯುವ ಕೋನ 30 ಡಿಗ್ರಿ; ಹಲವು ಚೈನುಗಳಲ್ಲಿ ಹಲ್ಲಿನ ನೆತ್ತಿಯ ಮೇಲೆಯೇ ಅದಕ್ಕೊಂದು ಗೆರೆಯ ಗುರುತು ಇರುತ್ತದೆ. ನಿಗಾ ಇಟ್ಟರೆ ಹಲ್ಲೊಂದಕ್ಕೆ ಎರಡು ಮೂರು ಬಾರಿ ಅರ ಹಾಯಿಸಿದರೆ ಸಾಕು, ಸವೆಯುವ ಲೋಹವೂ ಅಷ್ಟೇ ಕಡಿಮೆ. ಚೈನಿನ ಆಯುಷ್ಯವನ್ನು ಲೆಕ್ಕ ಹಾಕುವವರಿಗೆ ಕೈ ಅರದ ಪರವಾದ ದೊಡ್ಡ ವಾದ ಇದೇ.

ಅದರ ದೋಷ ಇರುವುದು ನಮ್ಮ ಕೈಯಲ್ಲಿ. ಬಲಗೈ ಬಳಸುವವರ ಒತ್ತಡ ಎರಡೂ ಬದಿಗೆ ಒಂದೇ ಸಮ ಬೀಳುವುದಿಲ್ಲ. ಕ್ರಮೇಣ ಒಂದು ಬದಿಯ ಹಲ್ಲು ಗಿಡ್ಡವಾಗಿ, ಇನ್ನೊಂದು ಬದಿಯದು ಉದ್ದವಾಗಿ ಉಳಿದು, ದಪ್ಪ ದಿಮ್ಮಿಯಲ್ಲಿ ಕೊಯ್ತ ನೇರ ಹೋಗದೆ ಓರೆಗೆ ಎಳೆಯತೊಡಗುತ್ತದೆ. ಬಾರು ಸವೆದಿದ್ದರೂ ಹೀಗಾಗುತ್ತದೆ ಎಂಬುದು ನಿಜ, ಆದರೆ ಬಾರನ್ನು ದೂರುವ ಮೊದಲು ಎರಡೂ ಬದಿಯ ಹಲ್ಲುಗಳನ್ನು ಅಳೆದು ನೋಡುವುದು ಒಳ್ಳೆಯದು.

ಸ್ಟಿಹ್ಲ್‌ನ ಟು-ಇನ್-ಒನ್ ಹಿಡಿ ಈ ದೋಷವನ್ನು ಪೂರ್ತಿ ನೀಗಿಸದಿದ್ದರೂ ಬಹಳಷ್ಟು ತಗ್ಗಿಸುತ್ತದೆ. ಇದರಲ್ಲಿ ಎರಡು ದುಂಡು ಅರಗಳೂ ಒಂದು ಚಪ್ಪಟೆ ಅರವೂ ಒಂದೇ ಚೌಕಟ್ಟಿನಲ್ಲಿ ಕೂತಿರುತ್ತವೆ. ಹಲ್ಲು ಹರಿತವಾಗುವ ಅದೇ ಹೊಡೆತದಲ್ಲಿ ಅದರ ಮುಂದಿನ ರೇಕರ್ ಕೂಡ ತಕ್ಕಷ್ಟು ತಗ್ಗುತ್ತದೆ. ಹಲ್ಲು ಮರದೊಳಕ್ಕೆ ಎಷ್ಟು ಇಳಿಯಬೇಕೆಂದು ನಿರ್ಧರಿಸುವುದು ಈ ರೇಕರ್. ಸಾಮಾನ್ಯ ಚೈನುಗಳಲ್ಲಿ ಅದು ಹಲ್ಲಿನ ನೆತ್ತಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು. ಹಲ್ಲು ಸವೆದಂತೆ ಅದರ ನೆತ್ತಿಯೂ ತಗ್ಗುತ್ತದೆ. ರೇಕರನ್ನು ಹಾಗೆಯೇ ಬಿಟ್ಟರೆ ಹಲ್ಲು ಎಷ್ಟೇ ಹರಿತವಿದ್ದರೂ ಮರವನ್ನು ಮುಟ್ಟುವುದಿಲ್ಲ. ‘ನಿನ್ನೆಯಷ್ಟೇ ಅರ ಹಾಕಿದೆ, ಆದರೂ ಕೊಯ್ಯುತ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಬೇಸರದಲ್ಲಿ ರೇಕರನ್ನು ಅತಿಯಾಗಿ ಉಜ್ಜಿದರೆ ಯಂತ್ರ ಕಚ್ಚಿ ಎಳೆಯುತ್ತದೆ, ಬಾರಿನ ತುದಿ ಮುಖದತ್ತ ಚಿಮ್ಮುವ ಅಪಾಯವೂ ಹೆಚ್ಚುತ್ತದೆ. ಟು-ಇನ್-ಒನ್ ಈ ಊಹೆಯ ಕೆಲಸವನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಹೊಸದಾಗಿ ಕಲಿಯುವ ಕೆಲಸಗಾರನ ಕೈಗೆ ನಿಶ್ಚಿಂತೆಯಿಂದ ಕೊಡಬಹುದಾದ ಸಾಧನವೆಂದರೆ, ನನ್ನ ಮಟ್ಟಿಗೆ, ಇದೊಂದೇ. ಒಂದೊಂದು ಪಿಚ್ಚಿಗೆ ಒಂದೊಂದು ಹಿಡಿ ಕೊಳ್ಳಬೇಕಾಗುವುದು, ಬರೀ ಅರಕ್ಕಿಂತ ಬೆಲೆ ಬಹಳ ಹೆಚ್ಚಿರುವುದು ಮತ್ತು ಮೆತ್ತನೆಯ ಮರ, ಗಟ್ಟಿ ಮರಗಳಿಗೆಂದು ರೇಕರಿನ ಎತ್ತರವನ್ನು ಬೇಕಾದಂತೆ ಬದಲಿಸಲಾಗದಿರುವುದು ಇದರ ಕೊರತೆಗಳು.

ಇನ್ನು ಗ್ರೈಂಡರ್. ಚೆನ್ನಾದ ಯಂತ್ರದಲ್ಲಿ, ಅರಿತವರ ಕೈಯಲ್ಲಿ, ಎಲ್ಲ ಹಲ್ಲುಗಳೂ ಒಂದೇ ಉದ್ದಕ್ಕೆ, ಒಂದೇ ಕೋನಕ್ಕೆ ಬರುತ್ತವೆ; ಕೈ ಅರದಿಂದ ಇಷ್ಟು ಸಮಾನತೆ ಸಾಧಿಸುವವರು ವಿರಳ. ತೊಂದರೆ ಇರುವುದು ಅವಸರದಲ್ಲಿ. ಚೈನುಗಳ ರಾಶಿಯನ್ನು ಮುಂದಿಟ್ಟುಕೊಂಡ ಅಂಗಡಿಯವನು ಚಕ್ರವನ್ನು ಒಂದೇ ಸಲ ಒತ್ತಿ ಹಿಡಿದಾಗ ಹಲ್ಲಿನ ತೆಳು ಅಂಚು ಕ್ಷಣದಲ್ಲಿ ಕಾದು ನೀಲಿಗೆ ತಿರುಗುತ್ತದೆ. ನೀಲಿ ಬಣ್ಣವೆಂದರೆ ಆ ಅಂಚಿನ ಹದ ಕೆಟ್ಟಿತೆಂದೇ ಅರ್ಥ: ಒಂದೋ ಅದು ಮೆತ್ತಗಾಗಿ ಬೇಗನೆ ಮೊಂಡಾಗುತ್ತದೆ, ಇಲ್ಲವೇ ಇನ್ನೂ ಹೆಚ್ಚು ಕಾದು ಥಟ್ಟನೆ ತಣಿದು, ಮುಂದಿನ ಸಲ ಅರವೇ ಜಾರುವಷ್ಟು ಗಡುಸಾಗುತ್ತದೆ. ನಮ್ಮ ಕಡೆಯ ಪೇಟೆಯೊಂದರ ವರ್ಕ್‌ಶಾಪಿನಿಂದ ಹಾಗೆ ನೀಲಿಗಟ್ಟಿ ಬಂದ ಚೈನು ಮೊದಲ ಹಲಸಿನ ಕೊಂಬೆಯಲ್ಲಿ ಅಬ್ಬರಿಸಿ, ಎರಡನೆಯದರಲ್ಲಿ ಸೋತಿತ್ತು. ಸ್ವಲ್ಪ ಮೊಂಡಾದ ಚೈನಿನಿಂದಲೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಉಕ್ಕನ್ನು ತೆಗೆದುಬಿಡುವುದು ಇನ್ನೊಂದು ದೋಷ. ಬೋರಾನ್ ನೈಟ್ರೈಡ್ ಚಕ್ರ ಹಾಕಿದ ಯಂತ್ರಗಳಲ್ಲಿ ಹಲ್ಲು ಇಷ್ಟು ಕಾಯುವುದಿಲ್ಲ, ಆದರೆ ಅವು ದುಬಾರಿ. ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಚೌಕಟ್ಟಿನ ಅಗ್ಗದ ಗ್ರೈಂಡರುಗಳಲ್ಲಿ ಚೈನು ಹಿಡಿಯುವ ಭಾಗವೇ ಅಲುಗಾಡುವುದರಿಂದ, ಯಂತ್ರ ಕೊಳ್ಳುವ ಮುಖ್ಯ ಕಾರಣವಾದ ಸಮಾನತೆಯೇ ಅಲ್ಲಿ ಸಿಗುವುದಿಲ್ಲ.

ಹಾಗಿದ್ದರೂ ಗ್ರೈಂಡರ್ ಬೇಡವೆನ್ನಲಾಗದ ಸಂದರ್ಭಗಳಿವೆ. ಬೇಲಿಯ ಅಂಚಿನ ಹಳೆಯ ಮರಗಳ ಕಾಂಡದೊಳಗೆ ಮುಳ್ಳುತಂತಿಯೋ ಮೊಳೆಯೋ ಹುದುಗಿರುವುದು ತೋಟದವರಿಗೆಲ್ಲ ಗೊತ್ತು. ಚೈನು ಅದಕ್ಕೆ ಬಡಿದಾಗ ಹಲ್ಲಿನ ಹೊರಮೈಯ ತೆಳು ಕ್ರೋಮ್ ಲೇಪ ಕಿತ್ತುಹೋಗುತ್ತದೆ. ಕೊಯ್ಯುವ ಅಂಚನ್ನು ಹಿಡಿದು ನಿಲ್ಲಿಸುವುದೇ ಆ ಲೇಪವಾದ್ದರಿಂದ, ಅದು ಗಟ್ಟಿಯಾಗಿ ಉಳಿದಿರುವ ಜಾಗದವರೆಗೂ ಹಲ್ಲನ್ನು ಹಿಂದಕ್ಕೆ ತೇಯಲೇಬೇಕು, ಉಳಿದ ಹಲ್ಲುಗಳನ್ನೂ ಅದೇ ಉದ್ದಕ್ಕೆ ತರಬೇಕು. ಇಷ್ಟನ್ನು ಅರದಿಂದ ಮಾಡಹೊರಟರೆ ಅರ್ಧ ದಿನ ಹೋದೀತು, ಅರವೂ ಸವೆದೀತು. ಎಡ ಬಲ ಹಲ್ಲುಗಳ ಉದ್ದ ತೀರಾ ಹೆಚ್ಚುಕಡಿಮೆಯಾದಾಗಲೂ ಅಷ್ಟೇ. ಹಲಗೆ ಸೀಳುವ ಚೈನಿನ ಕೋನವನ್ನು 30ರಿಂದ 10 ಡಿಗ್ರಿಗೆ ಬದಲಿಸುವ ಕೆಲಸವೂ ಯಂತ್ರಕ್ಕೇ ಸೇರಿದ್ದು.

ತೇಗ, ತೆಂಗಿನ ಕಾಂಡ, ಕೆಸರು ಮೆತ್ತಿದ ತೊಗಟೆ ಇವೆಲ್ಲ ಚೈನನ್ನು ಬಲು ಬೇಗ ಮೊಂಡು ಮಾಡುತ್ತವೆ. ಇಂಥ ಕೆಲಸದಲ್ಲಿ ಪೆಟ್ರೋಲ್ ತುಂಬಿಸಲು ನಿಂತಾಗಲೆಲ್ಲ ಎರಡು ಹೊಡೆತ ಅರ ಹಾಕುವ ರೂಢಿಯಿದ್ದರೆ ಪೇಟೆಯ ದಾರಿ ಹಿಡಿಯುವ ಪ್ರಮೇಯವೇ ಅಪರೂಪ. ಹೋಗಲೇಬೇಕಾಗಿ ಬಂದರೆ, ಚೈನು ಕೊಡುವ ಮೊದಲು ಅಂಗಡಿಯವರನ್ನು ಮೂರು ಮಾತು ಕೇಳಿ: ಚಕ್ರದ ಅಂಚನ್ನು ಆಗಾಗ ತಿದ್ದಿಕೊಳ್ಳುತ್ತಾರೆಯೇ, ಹಲ್ಲಿಗೆ ಚಕ್ರವನ್ನು ತಟ್ಟಿ ತಟ್ಟಿ ಮುಟ್ಟಿಸುತ್ತಾರೆಯೇ, ರೇಕರನ್ನು ಅಳೆದು ತಗ್ಗಿಸುತ್ತಾರೆಯೇ. ಮೂರನೆಯದಕ್ಕೆ ‘ಅದೆಲ್ಲ ಬೇಕಾಗಿಲ್ಲ’ ಎಂಬ ಉತ್ತರ ಬಂದರೆ ಚೈನನ್ನು ಅಲ್ಲಿ ಬಿಡಬೇಡಿ.