ಫ್ಲೈ ಫೋಟೋ ನೋಡಿ ದುಡ್ಡು ಕಳಿಸುವ ಮುಂಚೆ

ಸೀ ಟ್ರೌಟ್ ಅನ್ನುವ ಮೀನು ಹಿಡಿಯಲು ಆನ್‌ಲೈನ್‌ನಲ್ಲಿ ಫ್ಲೈ (ಕೊಕ್ಕೆಗೆ ಗರಿ, ದಾರ ಸುತ್ತಿ ಕಟ್ಟಿದ ಕೃತಕ ಎರೆ) ಕೊಳ್ಳುವವರು, ತಾವೇ ಕಟ್ಟಿ ಫೋಟೋ ಹಾಕುವವರು, ಇಬ್ಬರೂ ಇದನ್ನು ಓದಿ.

ನಾನಿರುವುದು ಡೆನ್ಮಾರ್ಕ್‌ನ ಫ್ಯೂನ್ ದ್ವೀಪದಲ್ಲಿ. ನಾನು ಜಾಸ್ತಿ ಕಟ್ಟುವುದು ಪಟ್ಟೆಗ್ರಿಸೆನ್, ಅದೇ ಸಿಗಡಿಯ ಹಾಗೆ ಕಾಣುವ ಗುಲಾಬಿ ಫ್ಲೈ. ಉದ್ದ ಮೀಸೆ, ಎರಡು ಕಪ್ಪು ಕಣ್ಣು, ಮೈಗೆ ಸುತ್ತಿದ ಮೆತ್ತನೆ ಗರಿ. ಕಟ್ಟಿದ ಮೇಲೆ ವೈಸ್‌ನಲ್ಲೇ (ಕಟ್ಟುವಾಗ ಕೊಕ್ಕೆಯನ್ನು ಕಚ್ಚಿ ಹಿಡಿಯುವ ಉಪಕರಣ) ಬಿಟ್ಟು, ಹಿಂದೆ ಬೂದು ಕಾಗದ ಇಟ್ಟು, ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆಯುತ್ತೇನೆ.

ಮೊನ್ನೆ ಕಡಲ ದಂಡೆಯಲ್ಲಿ ಸಿಕ್ಕ ಒಬ್ಬರು ತಾವು ಫ್ಲೈ ಕೊಂಡ ಆನ್‌ಲೈನ್ ಅಂಗಡಿಯ ಪುಟ ತೋರಿಸಿದರು. ಅಲ್ಲಿದ್ದದ್ದು ನನ್ನ ಫೋಟೋ! ವೈಸ್‌ನ ದವಡೆ ಮೇಲಿನ ಗೀರು ಕೂಡ ಹಾಗೇ ಇತ್ತು. ಅವರ ಕೈಗೆ ಬಂದ ಫ್ಲೈ ಮಾತ್ರ ಬೇರೆಯೇ. ಗರಿ ಆಗಲೇ ಬಿಚ್ಚಿಕೊಂಡಿತ್ತು, ಉಪ್ಪುನೀರಿಗೆ ಆಗದ ಕೊಕ್ಕೆ ತುಕ್ಕು ಹಿಡಿದಿತ್ತು, ಇನ್ನೊಂದರ ಕೊಕ್ಕೆ ಮೀನು ಎಳೆದಾಗ ಬಾಗಿದ ಜಾಗದಲ್ಲೇ ಮುರಿದು ಮೀನಿನ ಬಾಯಲ್ಲೇ ಉಳಿಯಿತಂತೆ. ನನಗೆ ಹೊಟ್ಟೆ ಉರಿದದ್ದು ಇದಕ್ಕೇ. ಇಲ್ಲಿ 40 ಸೆಂ.ಮೀ.ಗಿಂತ ಚಿಕ್ಕ ಸೀ ಟ್ರೌಟ್ ಬಿಡಲೇಬೇಕು, ನವೆಂಬರ್ 16ರಿಂದ ಜನವರಿ 15ರವರೆಗೆ ಮೊಟ್ಟೆ ಇಡಲು ಬಣ್ಣ ತಿರುಗಿದ ದೊಡ್ಡ ಮೀನನ್ನೂ ಬಿಡಬೇಕು. ಬಿಟ್ಟ ಮೀನು ಬದುಕಬೇಕು ಅಲ್ವಾ?

ಅಂಗಡಿಯವರಿಗೆ ಬರೆದೆ, ಉತ್ತರವಿಲ್ಲ. ಮಾರಾಟದ ತಾಣದವರು ಫೋಟೋ ನನ್ನದೇ ಅನ್ನುವುದಕ್ಕೆ ಸಾಕ್ಷಿ ಕೇಳಿದರು. ಕ್ಯಾಮೆರಾದ ಮೂಲ ಫೈಲ್ ಇಟ್ಟುಕೊಂಡಿದ್ದರಿಂದ ಕೆಲಸ ಆಯಿತು, ಪುಟ ತೆಗೆದರು. ಕೊಂಡವರಿಗೆ ದುಡ್ಡು ಮಾತ್ರ ವಾಪಸ್ ಬರಲಿಲ್ಲ, ಯಾಕೆಂದರೆ ಸ್ನೇಹಿತರಿಗೆ ಕಳಿಸುವ ಹಾಗೆ ನೇರ ಕಳಿಸಿ ಅಂತ ಅಂಗಡಿಯವರು ಮೊದಲೇ ಹೇಳಿ ಕಳಿಸಿಕೊಂಡಿದ್ದರು, ಅದು ಖರೀದಿ ಅಂತ ಲೆಕ್ಕಕ್ಕೇ ಬರಲಿಲ್ಲ.

ಹಾಗಾಗಿ ಕೊಳ್ಳುವವರು ಸುಮ್ನೆ ಚಂದದ ಫೋಟೋ ನಂಬಬೇಡಿ. ಇವತ್ತಿನ ತಾರೀಕು ಬರೆದ ಚೀಟಿ ಪಕ್ಕದಲ್ಲಿಟ್ಟು ಹೊಸ ಫೋಟೋ ತೆಗೆದು ಕಳಿಸಿ ಅನ್ನಿ, ದಾರ ಮುಗಿಯುವ ತಲೆಭಾಗ ಹತ್ತಿರದಿಂದ ಕಾಣಬೇಕು. ಕೊಕ್ಕೆ ಯಾವ ಕಂಪನಿಯದು, ಉಪ್ಪುನೀರಿಗೆ ಮಾಡಿದ್ದಾ ಅಂತ ಕೇಳಿ. ನಿಜವಾಗಿ ಕಟ್ಟುವವರಿಗೆ ಇದು ಎರಡು ನಿಮಿಷದ ಕೆಲಸ. ಫೋಟೋ ಹಾಕುವವರು ಚಿಕ್ಕ ಸೈಜಿನದು ಹಾಕಿ, ಹೆಸರನ್ನು ಮೂಲೆಯಲ್ಲಿ ಬೇಡ, ಫ್ಲೈ ಮೇಲೇ ಹಾಯುವಂತೆ ಬರೆಯಿರಿ. ಮೂಲೆಯದನ್ನು ಕತ್ತರಿಸಿಬಿಡುತ್ತಾರೆ, ನನ್ನದಕ್ಕೆ ಆದದ್ದೂ ಅದೇ.

ಅದೇ ಫೋಟೋಗಳು ಈಗ ಇನ್ನೊಂದು ಅಂಗಡಿ ಹೆಸರಲ್ಲಿ ಬಂದಿವೆ. ಬೂದು ಹಿನ್ನೆಲೆ, ಗೀರು ಬಿದ್ದ ವೈಸ್ ಕಂಡರೆ ಕೊಳ್ಳಬೇಡಿ, ನನಗೆ ಲಿಂಕ್ ಕಳಿಸಿ.