ಯೂರ್ಡೆಪ್ ವಿಕಿರಣ ನಕ್ಷೆ: ನೋಡೋಕೆ ಚೆನ್ನ, ಅಲಾರಂ ಅಲ್ಲ

'ಯೂರೋಪಿನಲ್ಲಿ ವಿಕಿರಣ ಸೋರಿದೆಯಂತೆ' ಅಂತ ಫಾರ್ವರ್ಡ್ ಬಂದಾಗಲೆಲ್ಲ ನಾನು ಮೊದಲು ತೆರೆಯೋದು ಯೂರ್ಡೆಪ್, ಅಂದರೆ ಯೂರೋಪಿನ ವಿಕಿರಣ ಮಟ್ಟ ತೋರಿಸುವ ಆನ್‌ಲೈನ್ ನಕ್ಷೆ. ನಡೆಸುವುದು ಯೂರೋಪಿಯನ್ ಕಮಿಷನ್ನಿನ ಜಂಟಿ ಸಂಶೋಧನಾ ಕೇಂದ್ರ. 39 ದೇಶಗಳ ಸುಮಾರು 5,500 ಕೇಂದ್ರಗಳಿಂದ ಗಾಮಾ ವಿಕಿರಣದ ಅಳತೆ ಇಲ್ಲಿಗೆ ಬರುತ್ತದೆ, ಹೆಚ್ಚಿನವು ಗಂಟೆಗೊಮ್ಮೆ. ದುಡ್ಡು ಕೊಡಬೇಕಿಲ್ಲ.

ಅಂಕಿಗಳು ನ್ಯಾನೋಸೀವರ್ಟ್ ಎಂಬ ವಿಕಿರಣದ ಅಳತೆಯ ಲೆಕ್ಕದಲ್ಲಿವೆ. ಗಂಟೆಗೆ 50ರಿಂದ 200 ಇದ್ದರೆ ಮಾಮೂಲು. ಒಂದು ಊರನ್ನು ಪಕ್ಕದ ಊರಿಗೆ ಹೋಲಿಸಬೇಡಿ. ಗ್ರಾನೈಟ್ ನೆಲದಲ್ಲಿ, ಎತ್ತರದ ಬೆಟ್ಟಗಳಲ್ಲಿ ಸಹಜವಾಗಿಯೇ ಜಾಸ್ತಿ ಇರುತ್ತದೆ. ಅದೇ ಕೇಂದ್ರದ ಹಿಂದಿನ ದಿನಗಳ ಗ್ರಾಫ್ ನೋಡಿ. ಪಕ್ಕದಲ್ಲಿ ಹವಾಮಾನದ ಪುಟವನ್ನೂ ತೆರೆದಿಟ್ಟುಕೊಳ್ಳಿ, ಯಾಕೆಂದರೆ ಜನ ಹೆದರಿ ಸ್ಕ್ರೀನ್‌ಶಾಟ್ ಹಂಚುವ ಏರಿಕೆಗಳಲ್ಲಿ ಎಷ್ಟೋ ಬರೀ ಮಳೆಯವು. ಗಾಳಿಯಲ್ಲಿ ಸಹಜವಾಗಿಯೇ ಇರುವ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಹುಟ್ಟಿದ ಸೀಸ, ಬಿಸ್ಮತ್‌ನ ವಿಕಿರಣಶೀಲ ಕಣಗಳನ್ನು ಮಳೆ ನೆಲಕ್ಕೆ ಇಳಿಸುತ್ತದೆ. 100 ಇದ್ದದ್ದು 150 ಆಗುತ್ತದೆ, ಕೆಲವೇ ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

ಇಂಥದ್ದೊಂದು 1986ರಲ್ಲಿ ಇರಬೇಕಿತ್ತು. ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ ಸ್ಫೋಟ ಆಗಿದ್ದು ಏಪ್ರಿಲ್ 26ಕ್ಕೆ. ಹೊರಗಿನವರಿಗೆ ಸುಳಿವು ಸಿಕ್ಕಿದ್ದು 28ಕ್ಕೆ, ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಕೆಲಸಗಾರರೊಬ್ಬರ ಶೂ ಮೇಲಿನ ವಿಕಿರಣದಿಂದ. ಮಾಸ್ಕೋ ಬಾಯಿಬಿಟ್ಟಿದ್ದು ಅವತ್ತು ಸಂಜೆ! ಅಪಘಾತವಾದರೆ ಬೇಗ ತಿಳಿಸಬೇಕು ಎನ್ನುವ ಅಂತರರಾಷ್ಟ್ರೀಯ ಒಪ್ಪಂದ ಅದೇ ಸೆಪ್ಟೆಂಬರ್‌ನಲ್ಲಿ ಆಯಿತು.

ಆದರೆ ಈ ನಕ್ಷೆ ನಿಮ್ಮನ್ನು ಎಬ್ಬಿಸಿ ಹೇಳುವುದಿಲ್ಲ. ಅಧಿಕೃತ ಎಚ್ಚರಿಕೆ ಹೋಗುವ ದಾರಿಯೇ ಬೇರೆ. ದೇಶವೊಂದು ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ತಿಳಿಸಬೇಕು, ಅಲ್ಲಿನ ತುರ್ತು ಕೇಂದ್ರ ಯುಎಸ್‌ಐಇ ಎಂಬ ಜಾಲದ ಮೂಲಕ ಉಳಿದ ದೇಶಗಳಿಗೆ ದಾಟಿಸಬೇಕು. ಆ ಜಾಲಕ್ಕೆ ನಮಗೆ ನಿಮಗೆ ಪ್ರವೇಶವಿಲ್ಲ, ಇರಬೇಕಾಗಿಯೂ ಇಲ್ಲ ಬಿಡಿ.

ನಾನು ಕೊಡೋದು ನಾಲ್ಕು ಸ್ಟಾರ್. ಐದನೆಯದು ತಪ್ಪಿದ್ದು 2017ರ ರುಥೇನಿಯಂನಿಂದ. ಆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಯೂರೋಪಿನ ತುಂಬ ಗಾಳಿಯಲ್ಲಿ ರುಥೇನಿಯಂ-106 ಎಂಬ ವಿಕಿರಣಶೀಲ ವಸ್ತು ಸಿಕ್ಕಿತು. ಹಿಡಿದದ್ದು ಗಾಳಿಯನ್ನು ಸೋಸುವ ಫಿಲ್ಟರ್‌ಗಳು. ಪ್ರಮಾಣ ಅಷ್ಟು ಸಣ್ಣದಿದ್ದರೆ ಗಾಮಾ ಅಳತೆಯ ಗೆರೆ ಅಲುಗಾಡುವುದೇ ಇಲ್ಲ. ನಕ್ಷೆ ತಣ್ಣಗಿದೆ ಅಂತ ಏನೂ ಆಗಿಲ್ಲ ಅನ್ನೋಕಾಗಲ್ಲ, ಅಲ್ವಾ? ನಮ್ಮಿಂದಲೇ ಸೋರಿತು ಅಂತ ಯಾವ ದೇಶವೂ ಒಪ್ಪಿಕೊಂಡಿಲ್ಲ.