ರಾತ್ರಿ ಗಸ್ತಿನ ತಂಡ ಕಟ್ಟುವ ಮುನ್ನ ನಮ್ಮ ಬಡಾವಣೆಯಲ್ಲಿ ನಡೆದದ್ದನ್ನು ಓದಿ

ನಿಮ್ಮ ಊರಿನಲ್ಲಿ ಕಳ್ಳತನ ಹೆಚ್ಚಾಗಿದೆಯೆಂದು ಬಡಾವಣೆಯವರೆಲ್ಲ ಸೇರಿ ರಾತ್ರಿ ಗಸ್ತಿನ ತಂಡ ಕಟ್ಟಲು ಹೊರಟಿದ್ದರೆ ದಯವಿಟ್ಟು ಇದನ್ನು ಪೂರ್ತಿಯಾಗಿ ಓದಿ. ಗಸ್ತೇ ಬೇಡವೆಂದು ನಾನು ಹೇಳುತ್ತಿಲ್ಲ. ಯಾರನ್ನು ತಡೆಯಬಹುದು, ತಡೆದ ಮೇಲೆ ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಮೊದಲೇ ನಿಶ್ಚಯಿಸದೆ ಹುಡುಗರ ಕೈಗೆ ದೊಣ್ಣೆ ಕೊಟ್ಟು ಕಳುಹಿಸಿದರೆ ಕಳ್ಳರಿಂದ ಆಗುವುದಕ್ಕಿಂತ ದೊಡ್ಡ ಅನಾಹುತ ಆಗುತ್ತದೆ ಎಂಬುದನ್ನು ನಮ್ಮ ಬೀದಿಯವರು ಕಣ್ಣಾರೆ ಕಂಡಿದ್ದೇವೆ.

ನಮ್ಮದು ಬಯಲುಸೀಮೆಯ ಒಂದು ಸಣ್ಣ ತಾಲ್ಲೂಕು ಕೇಂದ್ರ. ಮಾಘದ ಮದುವೆಗಳ ಕಾಲದಲ್ಲಿ ಬೀಗ ಹಾಕಿ ಹೋಗಿದ್ದ ಕೆಲವು ಮನೆಗಳ ಚಿಲಕ ಮೀಟಿ, ಬೀರು ಒಡೆದು, ಒಡವೆ ಹೊತ್ತೊಯ್ದರು. ದೂರು ದಾಖಲಾಯಿತು, ಬೆರಳಚ್ಚಿನವರೂ ಶ್ವಾನದಳದವರೂ ಬಂದು ಹೋದರು, ಕಳ್ಳರು ಸಿಗಲಿಲ್ಲ. ಆಗ ಪ್ರತಿ ವರ್ಷ ಗಣೇಶನನ್ನು ಕೂರಿಸುವ ಹುಡುಗರೇ ಮುಂದೆ ಬಂದು ಗಸ್ತಿನ ತಂಡ ಕಟ್ಟಿದರು. ಮನೆಗಿಷ್ಟು ಎಂದು ಚಂದಾ ಎತ್ತಿ ಟಾರ್ಚು, ಸೀಟಿ, ಬಿದಿರಿನ ದೊಣ್ಣೆ ತಂದರು. ಎಲ್ಲರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದರು. ಮೊದಲ ದಿನಗಳಲ್ಲಿ ಅವರಿಂದ ಉಪಕಾರವೇ ಆಯಿತು. ನಡುರಾತ್ರಿ ಎದೆನೋವು ಬಂದ ಹಿರಿಯರೊಬ್ಬರನ್ನು ಆಸ್ಪತ್ರೆಗೆ ಸೇರಿಸಿದವರು ಅವರೇ, ಕೆಟ್ಟುಹೋದ ಬೀದಿದೀಪಗಳ ಪಟ್ಟಿ ಮಾಡಿ ಪುರಸಭೆಗೆ ಕೊಟ್ಟವರೂ ಅವರೇ. ಆದರೆ ತಂಡಕ್ಕೆ ಠಾಣೆಯ ಪರಿಚಯವಿರಲಿಲ್ಲ, ಯಾರು ಯಾವ ರಾತ್ರಿ ತಿರುಗುತ್ತಾರೆಂಬ ದಾಖಲೆ ಇರಲಿಲ್ಲ, ನಮ್ಮ ಪ್ರದೇಶದ ಹೊಣೆ ಹೊತ್ತ ಬೀಟ್ ಪೊಲೀಸ್ ಯಾರೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಗುಂಪಿಗೆ ಒಂದು ಧ್ವನಿ ಸಂದೇಶ ಬಂದಿತು. ಪಕ್ಕದ ತಾಲ್ಲೂಕಿನಲ್ಲಿ ಮಕ್ಕಳ ಕಳ್ಳರು ಇಳಿದಿದ್ದಾರೆ, ಭಿಕ್ಷುಕರ ವೇಷದಲ್ಲಿ ಬರುತ್ತಾರೆ, ಮಕ್ಕಳನ್ನು ಹೊತ್ತೊಯ್ಯುತ್ತಾರೆ ಎಂದು ಒಬ್ಬ ಹೆಂಗಸು ಗಾಬರಿಯಿಂದ ಹೇಳುತ್ತಿದ್ದಳು. ಯಾವ ಊರು, ಯಾವ ದಿನ, ಯಾರ ಮಗು, ಯಾವ ಠಾಣೆಯಲ್ಲಿ ದೂರಾಗಿದೆ ಎಂಬ ಒಂದು ವಿವರವೂ ಅದರಲ್ಲಿರಲಿಲ್ಲ. ಆದರೂ ಅದನ್ನು ಕೇಳಿದ ತಾಯಂದಿರು ಹೆದರಿದರು, ಮತ್ತು ಆ ಹೆದರಿಕೆ ಸುಳ್ಳಿನದಾಗಿರಲಿಲ್ಲ. ಮಕ್ಕಳ ಮಾತು ಬಂದರೆ ಯಾರಿಗೂ ಪರಿಶೀಲಿಸುವಷ್ಟು ತಾಳ್ಮೆ ಉಳಿಯುವುದಿಲ್ಲ. ಇಂಥ ಸಂದೇಶಗಳು ಹಬ್ಬುವುದು ಈ ಕಾರಣಕ್ಕೇ.

ಅದಾದ ಕೆಲವೇ ದಿನಗಳಿಗೆ, ಬೆಳಗಿನ ಜಾವ, ಬುಡುಬುಡಿಕೆಯವನೊಬ್ಬ ನಮ್ಮ ಬೀದಿಗೆ ಬಂದ. ಇಂದಿನ ಹುಡುಗರಿಗೆ ಗೊತ್ತಿರಲಾರದು: ಸುಗ್ಗಿ ಮುಗಿದ ಮೇಲೆ ಇವರು ಇನ್ನೂ ಕತ್ತಲಿರುವಾಗಲೇ ಊರೊಳಗೆ ಬಂದು, ಕೈಯಲ್ಲಿ ಪುಟ್ಟ ಡಮರು ಆಡಿಸುತ್ತ, ಹಾಲಕ್ಕಿ ಎಂಬ ಹಕ್ಕಿ ನುಡಿಯಿತೆಂದು ಮನೆಮನೆಯ ಮುಂದೆ ಶಕುನ ಹೇಳಿ ಹೋಗುತ್ತಾರೆ, ಹೊತ್ತೇರಿದ ಮೇಲೆ ಮತ್ತೆ ಬಂದು ಅಕ್ಕಿಯನ್ನೋ ರಾಗಿಯನ್ನೋ ಹಳೆಯ ಬಟ್ಟೆಯನ್ನೋ ಪಡೆಯುತ್ತಾರೆ. ಈತನ ಜೊತೆಗೆ ಏಳೆಂಟು ವರ್ಷದ ಹುಡುಗನೊಬ್ಬನಿದ್ದ. ಮಾಸಿದ ಕೋಟು, ದೊಡ್ಡ ರುಮಾಲು, ಹೆಗಲಿಗೊಂದು ಜೋಳಿಗೆ, ಪಕ್ಕದಲ್ಲೊಂದು ಮಗು: ಸಂದೇಶದಲ್ಲಿ ಕೇಳಿದ್ದ ‘ವೇಷ’ಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆಂದು ತಂಡಕ್ಕೆ ಅನ್ನಿಸಲೇ ಇಲ್ಲ.

ಗಲಾಟೆ ಕೇಳಿ ನಾನು ಗೇಟು ತೆಗೆದು ಹೊರಗೆ ಬರುವಷ್ಟರಲ್ಲಿ ಅವನನ್ನು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಒರಗಿಸಿ ನಿಲ್ಲಿಸಿದ್ದರು. "ಸ್ವಾಮಿ, ಇವನು ನನ್ನ ಮಗಳ ಮಗ, ನನ್ನ ಮೊಮ್ಮಗ ಸ್ವಾಮಿ" ಎಂದು ಅವನು ಹೇಳುತ್ತಲೇ ಇದ್ದ. ಜೇಬಿನಿಂದ ಆಧಾರ್ ಕಾರ್ಡು ತೆಗೆದು ತೋರಿಸಿದ. ವಿಳಾಸ ಬೇರೆ ಜಿಲ್ಲೆಯದೆಂದು ಅದನ್ನೂ ನಕಲಿ ಎಂದರು. ಹುಡುಗನ ಮುಖಕ್ಕೆ ಟಾರ್ಚು ಹಿಡಿದು ಹೆಸರು ಕೇಳಿದಾಗ ಅವನು ಬಿಕ್ಕುತ್ತ ತನ್ನ ಮನೆಮಾತಿನಲ್ಲಿ ಏನೋ ಹೇಳಿದ, ಅದು ಕನ್ನಡವಾಗಿರಲಿಲ್ಲವೆಂಬುದೇ ಮಗು ಕದ್ದದ್ದೆನ್ನುವುದಕ್ಕೆ ಪುರಾವೆಯಾಗಿಬಿಟ್ಟಿತು. ಆಮೇಲೆ ಮೊದಲ ಏಟು ಯಾರು ಹಾಕಿದರೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ನಾನು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ವಿಳಾಸ ಹೇಳುತ್ತಿರುವಾಗಲೇ ಅವನ ಬಲಗೈ ಮುರಿದಿತ್ತು. ಎದುರು ಮನೆಯ ಅಜ್ಜಿ ಕೋಲೂರಿಕೊಂಡು ಹೊರಬಂದು, "ಬಿಡ್ರಪ್ಪ ಅವನನ್ನ, ನಮ್ಮ ಹಳ್ಳಿಗೆ ವರ್ಷಾ ವರ್ಷಾ ಬರೋ ಬುಡುಬುಡಿಕೆಯೋನು ಕಣ್ರೋ" ಎಂದು ಅವನಿಗೂ ಹುಡುಗರಿಗೂ ನಡುವೆ ನಿಂತಮೇಲೆ ಕೈಗಳು ನಿಂತವು. ಪೊಲೀಸ್ ವಾಹನ ಬಂದದ್ದು ಅದರ ನಂತರ. ಅಜ್ಜಿ ಬಾರದೇ ಹೋಗಿದ್ದರೆ ನಮ್ಮ ಬೀದಿಯಲ್ಲಿ ಅಂದು ಒಂದು ಹೆಣ ಬೀಳುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಹೊಡೆಯುವುದನ್ನು ಒಬ್ಬ ವಿಡಿಯೊ ಮಾಡಿ ಗುಂಪಿಗೆ ಹಾಕಿದ್ದ. ಅದು ಅಂದು ಮಧ್ಯಾಹ್ನದ ಹೊತ್ತಿಗೆ ಹತ್ತಾರು ಗುಂಪುಗಳಿಗೆ ಹೋಗಿ, ಬೇರೊಂದು ಊರಿನ ಹೆಸರು ಹೊತ್ತು, ‘ಮಕ್ಕಳ ಕಳ್ಳ ಸಿಕ್ಕಿಬಿದ್ದ’ ಎಂಬ ತಲೆಬರಹದೊಂದಿಗೆ ನಮ್ಮ ಗುಂಪಿಗೇ ಮರಳಿ ಬಂದಿತು. ಏಟು ತಿಂದವನ ಮುಖ ಅದರಲ್ಲಿ ಸ್ಪಷ್ಟವಾಗಿದೆ. ಊರೂರು ತಿರುಗಿಯೇ ಬದುಕಬೇಕಾದ ಮನುಷ್ಯನಿಗೆ ಇನ್ನು ಮುಂದೆ ಯಾವ ಊರಿನೊಳಗೆ ಕಾಲಿಡಲೂ ಭಯ. ಅವನ ಕೈ ಕೂಡಿಕೊಂಡಿದೆಯೆಂದು ತಿಳಿಯಿತು, ಆದರೆ ಆ ವಿಡಿಯೊವನ್ನು ಎಲ್ಲರ ಫೋನಿನಿಂದ ಅಳಿಸುವ ದಾರಿ ಯಾರಿಗೂ ಇಲ್ಲ. ಅದೇ ವಿಡಿಯೊದಿಂದ ಪೊಲೀಸರು ಹುಡುಗರನ್ನು ಗುರುತಿಸಿದರು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿದ್ದವನೊಬ್ಬ ಈಗ ನ್ಯಾಯಾಲಯದ ತಾರೀಖುಗಳಿಗೆ ಅಲೆಯುತ್ತಿದ್ದಾನೆ. ಅವನ ಹೆತ್ತವರು ಜಾಮೀನಿಗೆ ಹೊಲದ ಪಹಣಿ ಕೊಟ್ಟಿದ್ದಾರೆ.

ಇದು ನಮ್ಮೂರಿನಲ್ಲಿ ಮಾತ್ರ ನಡೆದದ್ದಲ್ಲ, ಮೊದಲ ಬಾರಿ ನಡೆದದ್ದೂ ಅಲ್ಲ. 2018ರಲ್ಲಿ ಇಂಥದೇ ವದಂತಿ ದೇಶದ ತುಂಬ ಹಬ್ಬಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಆಗ ಅನೇಕರ ಫೋನಿಗೆ ಬಂದಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ್ದ ಚಿತ್ರ. ಮಗುವನ್ನು ಹಿಂದಕ್ಕೆ ಬಿಟ್ಟು ಸಂದೇಶದ ಫಲಕ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಿ ಹರಡಿದ್ದರು. ಆ ವರ್ಷದ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಕಾಲುರಾಮ್ ಎಂಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಹೀಗೆಯೇ ಸತ್ತರು. ಜುಲೈ 13ರಂದು ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಕಾರಿನಲ್ಲಿ ಬಂದವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹುಟ್ಟಿದ ಅನುಮಾನ ವಾಟ್ಸಾಪ್‌ನಲ್ಲಿ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿ, ಅವರಲ್ಲೊಬ್ಬರಾದ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಮೊಹಮ್ಮದ್ ಆಜಮ್ ಪ್ರಾಣ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಅದಾದ ನಾಲ್ಕೇ ದಿನಕ್ಕೆ, ಜುಲೈ 17ರಂದು, ಸುಪ್ರೀಂ ಕೋರ್ಟ್ ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಹೊಣೆಗಾರ (ನೋಡಲ್) ಅಧಿಕಾರಿಯನ್ನು ನೇಮಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಅದೇ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು. ಇಷ್ಟೆಲ್ಲ ಆದಮೇಲೂ ಅದೇ ಕಥೆ ಹೊಸ ಧ್ವನಿಯಲ್ಲಿ ನಮ್ಮೂರಿಗೆ ಬಂದು, ಅದೇ ಕೆಲಸ ಮಾಡಿಸಿತು.

ಕಾನೂನಿನ ಮಾತನ್ನು ಗಸ್ತಿಗೆ ಹೊರಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಪ್ರಕಾರ, ತನ್ನ ಕಣ್ಣೆದುರಿಗೇ ಜಾಮೀನು ರಹಿತವಾದ, ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಎಸಗಿದವನನ್ನು ಅಥವಾ ತಲೆಮರೆಸಿಕೊಂಡವನೆಂದು ನ್ಯಾಯಾಲಯ ಘೋಷಿಸಿದ ಅಪರಾಧಿಯನ್ನು ಮಾತ್ರ ಸಾಮಾನ್ಯ ನಾಗರಿಕನು ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ 6 ಗಂಟೆಗಳೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಅನುಮಾನ ಬಂದಿತೆಂದು ಹಿಡಿದು ಕಟ್ಟಿಹಾಕುವ ಅಧಿಕಾರ ಯಾವ ಬಡಾವಣೆಯ ಸಮಿತಿಗೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 190ನೇ ಸೆಕ್ಷನ್ ಇನ್ನೂ ಗಂಭೀರವಾದದ್ದು: ಕಾನೂನುಬಾಹಿರ ಗುಂಪಿನ ಸದಸ್ಯನಾಗಿದ್ದರೆ, ಗುಂಪಿನ ಸಮಾನ ಉದ್ದೇಶಕ್ಕಾಗಿ ಒಬ್ಬ ಎಸಗಿದ ಅಪರಾಧಕ್ಕೆ ಉಳಿದವರೂ ಹೊಣೆಗಾರರಾಗುತ್ತಾರೆ. ‘ನಾನು ಟಾರ್ಚು ಹಿಡಿದಿದ್ದೆ, ಅಷ್ಟೇ’ ಎಂದು ನಮ್ಮ ಬೀದಿಯ ಹುಡುಗನೊಬ್ಬ ಹೇಳಿದ ಮಾತು ಅವನ ಹೆಸರನ್ನು ಪ್ರಕರಣದಿಂದ ಬಿಡಿಸಲಿಲ್ಲ.

ಇನ್ನೊಂದು ವಿಷಯವನ್ನು ನಾವು ತಡವಾಗಿ ಗಮನಿಸಿದೆವು. ‘ನಾವು ಮೂರು ದಿನ ಧರ್ಮಸ್ಥಳಕ್ಕೆ ಹೊರಟಿದ್ದೇವೆ, ಮನೆಯ ಕಡೆ ಕಣ್ಣಿಡಿ’ ಎಂದು ಜನ ಅದೇ ಗುಂಪಿನಲ್ಲಿ ಬರೆಯುತ್ತಿದ್ದರು. ಆ ಗುಂಪಿನಲ್ಲಿ ಬಡಾವಣೆ ಬಿಟ್ಟುಹೋದ ಬಾಡಿಗೆದಾರರು, ಕೇಬಲ್‌ನವರು, ಯಾರೆಂದೇ ಗೊತ್ತಿಲ್ಲದ ನಂಬರುಗಳು ಇದ್ದವು. ಬೀಗ ಹಾಕಿದ ಮನೆಗಳ ಪಟ್ಟಿಯನ್ನು ನಾವೇ ಬರೆದು ಹಂಚುತ್ತಿದ್ದಂತಾಗಿತ್ತು. ಊರಿಗೆ ಹೋಗುವವರು ಪಕ್ಕದ ಮನೆಯವರಿಗೂ ಬೀಟ್ ಪೊಲೀಸರಿಗೂ ಹೇಳಿದರೆ ಸಾಕು.

ಆದ್ದರಿಂದ ತಂಡ ಕಟ್ಟುವವರು ಚಂದಾ ಎತ್ತುವ ಮೊದಲು ಠಾಣೆಗೆ ಹೋಗಿ. 2017ರಿಂದ ರಾಜ್ಯದಲ್ಲಿರುವ ಬೀಟ್ ವ್ಯವಸ್ಥೆಯಲ್ಲಿ ನಿಮ್ಮ ಪ್ರದೇಶಕ್ಕೂ ಒಬ್ಬ ಕಾನ್‌ಸ್ಟೆಬಲ್ ಇದ್ದಾರೆ, ಸ್ಥಳೀಯ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಅವಕಾಶವೂ ಅದರಲ್ಲಿದೆ. ಅವರ ನಂಬರನ್ನು ಬರೆದುಕೊಳ್ಳಿ, ಗಸ್ತಿನವರ ಹೆಸರುಗಳನ್ನು ಅವರಿಗೆ ಕೊಡಿ. ದೊಣ್ಣೆಯನ್ನು ಕೊಳ್ಳಲೇಬೇಡಿ, ಸೀಟಿ, ಟಾರ್ಚು, ಫೋನು ಇವಿಷ್ಟೇ ಗಸ್ತಿಗೆ ಬೇಕಾದದ್ದು. ತಂಡದಲ್ಲಿ ಊರಿನ ಹಳೆಯ ತಲೆ ಒಬ್ಬರಾದರೂ ಇರಲಿ, ಏಕೆಂದರೆ ಹೆಳವರು, ಕೋಲೆಬಸವನವರು, ಬುಡುಬುಡಿಕೆಯವರಂಥ ಊರೂರು ತಿರುಗುವವರು ಯಾವ ಕಾಲಕ್ಕೆ ಯಾವ ಹೊತ್ತಿನಲ್ಲಿ ಬರುತ್ತಾರೆಂದು ಬಲ್ಲವರು ಅವರೇ. ಅಪರಿಚಿತರು ಕಂಡರೆ ದೂರದಿಂದ ಮಾತನಾಡಿಸಿ, ಅನುಮಾನ ತೀರದಿದ್ದರೆ 112ಕ್ಕೆ ಕರೆ ಮಾಡಿ, ಮಗುವಿನ ಬಗ್ಗೆ ಆತಂಕವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ, ಅವರು ಬರುವತನಕ ಮೈಮುಟ್ಟದೆ, ವಿಡಿಯೊ ಹಂಚದೆ ಕಾಯಿರಿ. ಗುಂಪಿಗೆ ಮಕ್ಕಳ ಕಳ್ಳರ ಸಂದೇಶ ಬಂದರೆ ಅದನ್ನು ಮುಂದಕ್ಕೆ ಕಳುಹಿಸದೆ ಮೊದಲು ಬೀಟ್ ಪೊಲೀಸರಿಗೆ ತೋರಿಸಿ, ಅವರು ಕೊಟ್ಟ ಉತ್ತರವನ್ನು ಅದೇ ಗುಂಪಿನಲ್ಲಿ ಆ ಸಂದೇಶದ ಕೆಳಗೇ ಹಾಕಿ.